ಬೀಳ್ಕೊಡುಗೆ ಇಲ್ಲದ ನಿವೃತ್ತಿಗಳು

ಜಯನಗರ 5ನೇ ಬ್ಲಾಕಿನ ಶಾಲಿನಿ ಗ್ರೌಂಡಿಗೆ ಭಾನುವಾರ ಬೆಳಿಗ್ಗೆ ಒಂದ್ಸಲ ಹೋಗಿ ನೋಡಿ. ಒಂದೇ ಮೈದಾನದಲ್ಲಿ ಏಳೆಂಟು ಮ್ಯಾಚು ನಡೀತಿರತ್ತೆ. ನಮ್ಮ ಲಾಂಗ್ ಆನ್‌ನಲ್ಲಿ ನಿಂತವನ ಪಕ್ಕದಲ್ಲೇ ಬೇರೆ ಯಾರದ್ದೋ ಸ್ಲಿಪ್ ಬಗ್ಗಿ ನಿಂತಿರ್ತಾನೆ. ಉರುಳಿ ಬಂದ ಬಾಲ್ ನಮ್ಮದೋ ಅವರದೋ ಅಂತ ಗೊತ್ತಾಗೋಷ್ಟರಲ್ಲಿ ಎರಡು ರನ್ ಆಗಿರತ್ತೆ. ನಮ್ಮ ಟೀಮು ಶುರುವಾದದ್ದು ಬಿಟಿಎಂ ಲೇಔಟಿನ ಒಂದು ಪಿಜಿಯಲ್ಲಿ. ಈಗ ಹನ್ನೊಂದರಲ್ಲಿ ಎಂಟು ಜನಕ್ಕೆ ಹೋಮ್ ಲೋನ್, ಆರು ಜನಕ್ಕೆ ಬೆನ್ನು ನೋವು. ಆದರೂ ಬರ್ತಾರೆ.

ಅಲ್ಲಿ ವಾಕಿಂಗ್ ಬರುವ ಹಿರಿಯರೊಬ್ಬರು ನಮ್ಮ ಮ್ಯಾಚಿಗೆ ಅಂಪೈರ್ ಆಗ್ತಾರೆ. ನಾವು ಕರೆದದ್ದಲ್ಲ, ಅವರೇ ಬಂದು ನಿಂತರು. ಬ್ಯಾಂಕಿನಲ್ಲಿದ್ದವರು, ಒಂದು ಕಾಲದಲ್ಲಿ ಬ್ಯಾಂಕಿನ ಟೀಮಿಗೆ ಲೀಗ್ ಆಡ್ತಿದ್ದವರು. ಒಂದಿನ ಎಳನೀರು ಕುಡೀತಾ ಕೇಳಿದೆ, “ಯಾವಾಗ ರಿಟೈರ್ ಆದ್ರಿ ಸಾರ್?”

“2012ರಲ್ಲಿ.”

“ಅಲ್ಲಿವರೆಗೂ ಆಡ್ತಿದ್ರಾ!”

“ಅಯ್ಯೋ, ಬ್ಯಾಂಕಿಂದ ಕಣಪ್ಪ. ಕ್ರಿಕೆಟ್‌ನಿಂದ ಯಾರು ರಿಟೈರ್ ಆಗ್ತಾರೆ? ಅದು ಒಂದಿನ ನಿಂತೋಯ್ತು, ಅಷ್ಟೆ.”

ಅವತ್ತು ಮನೆಗೆ ಬಂದು ನನ್ನ ಕಪಾಟಿನಲ್ಲಿರೋ ಕ್ರಿಕೆಟ್ ಪುಸ್ತಕಗಳನ್ನ, ಫೋನಿನಲ್ಲಿ ಉಳಿಸಿಕೊಂಡಿದ್ದ ಪತ್ರಿಕೆ ತುಣುಕುಗಳನ್ನ ಮತ್ತೆ ತೆಗೆದು ಕೂತೆ. ನಿವೃತ್ತಿಯ ಬಗ್ಗೆ ನಾವು ಎಷ್ಟೊಂದು ಬರೀತೀವಿ, ಎಷ್ಟು ಕೆಟ್ಟದಾಗಿ ಬರೀತೀವಿ ಅನ್ನೋದು ಆಗ ಹೊಳೀತು. ಈ ಬರಹ ಅದರ ಮೇಲಿನ ತಕರಾರು.

ಮೊದಲು ಪದವನ್ನೇ ನೋಡಿ. ‘ನಿವೃತ್ತಿ’ ಅನ್ನೋದು ನಮ್ಮೂರಲ್ಲಿ ಮೇಷ್ಟ್ರಿಗೆ, ಪೋಸ್ಟ್ ಮಾಸ್ಟರಿಗೆ, ಕೆಇಬಿ ಲೈನ್‌ಮನ್ನಿಗೆ ಆಗೋದು. ವಯಸ್ಸು ಗೊತ್ತಿರತ್ತೆ, ತಾರೀಖು ಗೊತ್ತಿರತ್ತೆ, ಶಾಲು, ಪೇಟ, ಹಣ್ಣಿನ ಬುಟ್ಟಿ ರೆಡಿ ಇರತ್ತೆ. ಪತ್ರಿಕೆಯ ಕ್ರೀಡಾ ಪುಟ ಇದೇ ಪದವನ್ನ ಎತ್ತಿಕೊಂಡು ಅದಕ್ಕೆ ‘ಘೋಷಣೆ’ ಅಂತ ಬಾಲ ಸೇರಿಸಿತು. ಘೋಷಣೆ ಮಾಡಬೇಕು ಅಂದ್ರೆ ಕೇಳೋರು ಇರಬೇಕು. ಮೈಕು ಇರಬೇಕು. ಯಾರಿಗೆ ಮೈಕು ಸಿಕ್ಕಿತೋ ಅವರ ನಿವೃತ್ತಿ ಮಾತ್ರ ನಿವೃತ್ತಿ ಅಂತ ಬರೆಸಿಕೊಂಡಿತು.

ಮೈಕು ಸಿಕ್ಕವರ ವಿದಾಯದ ಬರಹಕ್ಕೆ ಒಂದು ಅಚ್ಚು ಇದೆ, ನಿಮಗೂ ಗೊತ್ತು. ಮೇಲೆ ‘ಯುಗಾಂತ್ಯ’. ಪಕ್ಕದಲ್ಲಿ ಬಾಕ್ಸು: ಪಂದ್ಯ, ರನ್, ಸರಾಸರಿ. ಕಣ್ಣೊರೆಸಿಕೊಳ್ಳುವ ಫೋಟೋ. ಕೊನೆಗೆ, ಇನ್ನು ಮುಂದೆ ಕ್ರಿಕೆಟ್ ಮೊದಲಿನಂತೆ ಇರಲ್ಲ ಅನ್ನೋ ಒಂದು ಸಾಲು. ಈ ಅಚ್ಚಿಗೆ ಒಂದು ಕೊನೆಯ ದೃಶ್ಯ ಬೇಕೇ ಬೇಕು. ಕುಂಬ್ಳೆ ಅದನ್ನ ಕೊಟ್ಟರು. 2008ರ ನವೆಂಬರ್ 2, ದೆಹಲಿಯ ಕೋಟ್ಲಾ, ಬೆರಳಿಗೆ ಹೊಲಿಗೆ, 619 ವಿಕೆಟ್, ಜೊತೆಗಾರರ ಹೆಗಲ ಮೇಲೆ ಒಂದು ಸುತ್ತು. ಬರೆಯೋರಿಗೆ ಇನ್ನೇನು ಬೇಕು? ದ್ರಾವಿಡ್ ಅಷ್ಟು ಕೊಡಲಿಲ್ಲ. ಕೊನೆಯ ಟೆಸ್ಟ್ ಅಡಿಲೇಡಿನಲ್ಲಿ ಆಡುವಾಗ ಅದು ಕೊನೆಯದು ಅಂತ ನಮಗ್ಯಾರಿಗೂ ಹೇಳಿರಲಿಲ್ಲ. 2012ರ ಮಾರ್ಚ್ 9ರಂದು ಚಿನ್ನಸ್ವಾಮಿ ಸ್ಟೇಡಿಯಮ್ಮಿನಲ್ಲಿ ಕೋಟು ಹಾಕಿಕೊಂಡು ಕೂತು, ಹಾಳೆ ನೋಡಿ ಓದಿ ಮುಗಿಸಿದರು. ನಾನಾಗ ಕೆಲಸಕ್ಕೆ ಸೇರಿ ಎರಡು ವರ್ಷ. ಆಫೀಸಿನ ಕ್ಯಾಂಟೀನಿನ ಟಿವಿ ಕೆಳಗೆ ನಾವೆಲ್ಲ ಊಟದ ತಟ್ಟೆ ಹಿಡ್ಕೊಂಡು ನಿಂತಿದ್ವಿ. ಮ್ಯಾನೇಜರ್ ಕೂಡ.

ಈಗ ಈ ಮೈಕು ಅಗ್ಗವಾಗಿದೆ. ಅದು ಒಳ್ಳೆಯದೇ. ದಾವಣಗೆರೆಯ ವಿನಯ್ ಕುಮಾರ್ ಆಡಿದ್ದು ಒಂದೇ ಟೆಸ್ಟ್, ಆದರೆ ಪ್ರಥಮ ದರ್ಜೆಯಲ್ಲಿ 504 ವಿಕೆಟ್, ನಾಯಕನಾಗಿ ಸಾಲಾಗಿ ಎರಡು ರಣಜಿ. 2021ರ ಫೆಬ್ರವರಿಯಲ್ಲಿ ಅವರು ಟ್ವಿಟರ್‌ನಲ್ಲಿ ಒಂದು ಪತ್ರ ಹಾಕಿದರು. ‘ದಾವಣಗೆರೆ ಎಕ್ಸ್‌ಪ್ರೆಸ್’ ಅನ್ನೋ ತಮ್ಮ ಅಡ್ಡಹೆಸರನ್ನೇ ಹಿಡಿದು, ಕೊನೆಯ ಸ್ಟೇಷನ್ ಬಂತು ಅನ್ನೋ ಅರ್ಥದಲ್ಲಿ ಬರೆದಿದ್ದರು. ಆ ಪತ್ರ ನನಗೆ ಇಷ್ಟ. ಆಟೋ ಡ್ರೈವರ್ ಮಗ, ತನ್ನ ಕೊನೆಯನ್ನ ತನ್ನ ಮಾತಲ್ಲೇ ಬರೆದ. ಪತ್ರಿಕೆಯವರು ಬರಲಿ ಅಂತ ಕಾಯಲಿಲ್ಲ.

ಇನ್ನು ಹಿಂದಕ್ಕೆ ಹೋಗೋಣ. ಚಂದ್ರಶೇಖರ್, ಪ್ರಸನ್ನ, ವಿಶ್ವನಾಥ್. ಕರ್ನಾಟಕದ ಕ್ರಿಕೆಟ್ ಅಂದ್ರೆ ಮೊದಲು ಬಾಯಿಗೆ ಬರೋ ಮೂರು ಹೆಸರು. ಇವರ ‘ನಿವೃತ್ತಿ ಘೋಷಣೆ’ಯ ಬಗ್ಗೆ ಹುಡುಕಿ ನೋಡಿ. ನಿಮಗೆ ಸಿಗೋದು ಕೊನೆಯ ಟೆಸ್ಟಿನ ತಾರೀಖು ಮಾತ್ರ.

ಚಂದ್ರಶೇಖರ್ ಅವರದ್ದು 1979ರ ಜುಲೈ, ಬರ್ಮಿಂಗ್‌ಹ್ಯಾಮಿನ ಎಜ್‌ಬಾಸ್ಟನ್. ಇಂಗ್ಲೆಂಡ್ ಐದು ವಿಕೆಟಿಗೆ 633. ಡೇವಿಡ್ ಗೋವರ್ ದ್ವಿಶತಕ. ಬಿದ್ದ ಐದೂ ವಿಕೆಟ್ ಹೊಸ ಹುಡುಗ ಕಪಿಲ್ ದೇವ್‌ಗೆ. ಚಂದ್ರ 113 ರನ್ ಕೊಟ್ಟು ಒಂದೂ ವಿಕೆಟ್ ಇಲ್ಲ. 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ ಆರು ವಿಕೆಟ್ ಕಿತ್ತು ಇಂಗ್ಲೆಂಡನ್ನ ಅವರ ನೆಲದಲ್ಲೇ ಮೊದಲ ಸಲ ಸೋಲಿಸಿಕೊಟ್ಟ ಅದೇ ಕೈ, ಪೋಲಿಯೋದಿಂದ ಸೊರಗಿದ ಅದೇ ಬಲಗೈ. 58 ಟೆಸ್ಟ್, 242 ವಿಕೆಟ್. ಎಜ್‌ಬಾಸ್ಟನ್ ಆದ ಮೇಲೆ ಇನ್ನೊಂದು ಟೆಸ್ಟ್ ಇಲ್ಲ. ಯಾರೂ ಹೆಗಲ ಮೇಲೆ ಹೊತ್ತುಕೊಂಡು ತಿರುಗಲಿಲ್ಲ. 113ಕ್ಕೆ ಸೊನ್ನೆ ಅಂತ ಬೌಲಿಂಗ್ ಮಾಡಿದವನನ್ನ ಹೊತ್ತುಕೊಂಡು ಯಾರು ತಿರುಗ್ತಾರೆ?

ವಿಶ್ವನಾಥ್ ಅವರದ್ದು 1983ರ ಆರಂಭ, ಕರಾಚಿ. ಕೆಟ್ಟ ಪ್ರವಾಸ, ತಂಡದಿಂದ ಕೈಬಿಟ್ಟರು. 91 ಟೆಸ್ಟ್, 6,080 ರನ್. ಐದು ತಿಂಗಳಿಗೆ ಲಾರ್ಡ್ಸ್‌ನಲ್ಲಿ ಕಪಿಲ್ ಕಪ್ ಎತ್ತಿದಾಗ ಕರ್ನಾಟಕದ ಕಿರ್ಮಾನಿ, ರೋಜರ್ ಬಿನ್ನಿ ಅಲ್ಲಿದ್ದರು, ಭದ್ರಾವತಿಯ ಹುಡುಗ ಇರಲಿಲ್ಲ. ಆಮೇಲೂ ಕೆಲವು ವರ್ಷ ಸುಮ್ಮನೆ ಕರ್ನಾಟಕಕ್ಕೆ ರಣಜಿ ಆಡಿಕೊಂಡಿದ್ದರು. ಇದರ ಪಕ್ಕದಲ್ಲಿ ಅವರ ಭಾವಮೈದುನ ಗವಾಸ್ಕರ್ ಅವರ ಕೊನೆಯನ್ನಿಡಿ. 1987ರ ಮಾರ್ಚ್, ನಮ್ಮದೇ ಚಿನ್ನಸ್ವಾಮಿ, ಚೆಂಡು ಹಾವಿನ ಹಾಗೆ ತಿರುಗೋ ಪಿಚ್, ಪಾಕಿಸ್ತಾನದ ಎದುರು 96. ಭಾರತ 16 ರನ್ನಿನಿಂದ ಸೋತಿತು. ಆದರೂ ಆ 96ರ ಬಗ್ಗೆ ಇವತ್ತಿಗೂ ಬರೀತಾರೆ. ಬೆಂಗಳೂರಿನಲ್ಲಿ ನಡೆದ ಅತ್ಯಂತ ಚೆಂದದ ಕೊನೆಯ ಟೆಸ್ಟ್ ಮುಂಬೈನವರದ್ದು. ಬೆಂಗಳೂರಿನವರ ಕೊನೆಯ ಟೆಸ್ಟುಗಳು ಬರ್ಮಿಂಗ್‌ಹ್ಯಾಮ್, ಕರಾಚಿ, ಪಾಕಿಸ್ತಾನದ ಇನ್ನೆಲ್ಲೋ. ನಮ್ಮ ಬರಹಗಾರರಿಗೆ ಅಲ್ಲಿಂದ ದೃಶ್ಯ ಸಿಗಲಿಲ್ಲ, ಹಾಗಾಗಿ ಬರೀಲೂ ಇಲ್ಲ.

ಪುಸ್ತಕಗಳಲ್ಲಾದರೂ ಇದೆಯಾ ಅಂದ್ರೆ, ಎರಡು ಇಸವಿಗಳನ್ನ ನೋಡಿ. ಪ್ರಸನ್ನ ಅವರ ಆತ್ಮಕಥೆ ‘ಒನ್ ಮೋರ್ ಓವರ್’ ಬಂದದ್ದು 1977ರಲ್ಲಿ. ಅವರ ಕೊನೆಯ ಟೆಸ್ಟ್ 1978ರ ಪಾಕಿಸ್ತಾನ ಪ್ರವಾಸದಲ್ಲಿ. ಅಂದ್ರೆ ಆತ್ಮಕಥೆಯಲ್ಲಿ ಕೊನೆಯೇ ಇಲ್ಲ. ಇನ್ನೊಂದು ಓವರ್ ಬಾಕಿ ಇದೆ ಅಂತ ಹೆಸರಿಟ್ಟುಕೊಂಡು ಪುಸ್ತಕ ಮುಗೀತು, ಆ ಓವರ್ ಆಮೇಲೆ ಪುಸ್ತಕದ ಹೊರಗೆ ಮುಗೀತು. ವಿಶ್ವನಾಥ್ ಅವರ ಆತ್ಮಕಥೆ ‘ರಿಸ್ಟ್ ಅಶ್ಯೂರ್ಡ್’, ಆರ್. ಕೌಶಿಕ್ ಜೊತೆ ಬರೆದದ್ದು, ಬಂದದ್ದು 2022ರಲ್ಲಿ. ಕರಾಚಿಯಾಗಿ 39 ವರ್ಷಕ್ಕೆ. ಒಬ್ಬರು ಒಂದು ವರ್ಷ ಮುಂಚೆ, ಇನ್ನೊಬ್ಬರು ನಾಲ್ಕು ದಶಕದ ನಂತರ. ಆಟ ಬಿಟ್ಟ ಹೊತ್ತಿನಲ್ಲಿ ಪಕ್ಕದಲ್ಲಿ ಕೂತು “ಏನನ್ನಿಸ್ತಿದೆ ಸಾರ್” ಅಂತ ಕೇಳಿ ಬರೆದವರು ಇಲ್ಲ. ಇನ್ನೊಂದು ಮಾತು: ನನ್ನ ಕಪಾಟಿನಲ್ಲಿರೋ ಈ ಪುಸ್ತಕಗಳೆಲ್ಲ ಇಂಗ್ಲಿಷು. ಚಂದ್ರ ಬಗ್ಗೆ ರಾಜನ್ ಬಾಲಾ ಬರೆದ ‘ದಿ ವಿನ್ನಿಂಗ್ ಹ್ಯಾಂಡ್’, ವೇದಂ ಜೈಶಂಕರ್ ಬರೆದ ಕರ್ನಾಟಕ ಕ್ರಿಕೆಟ್ ಇತಿಹಾಸ ‘ಕಾಸ್ಟಿಂಗ್ ಎ ಸ್ಪೆಲ್’, ಎಲ್ಲ. ನಮ್ಮಪ್ಪನಿಗೆ ವಿಶಿ ಅಂದ್ರೆ ಪ್ರಾಣ. ರೇಡಿಯೋ ಕಿವಿಗೆ ಹಚ್ಚಿಕೊಂಡು ತೆಂಗಿನ ತೋಟಕ್ಕೆ ನೀರು ಬಿಟ್ಟವರು. ಈ ಪುಸ್ತಕಗಳಲ್ಲಿ ಒಂದನ್ನೂ ಅವರಿಗೆ ಓದೋಕಾಗಲ್ಲ.

ಕೊನೆಯ ದೃಶ್ಯ ಸಿಗದೇ ಇದ್ದಾಗ ನಾವು ಏನು ಮಾಡ್ತೀವಿ? ಕಥೆ ಕಟ್ತೀವಿ. ಎರಡು ಥರ ಕಟ್ತೀವಿ.

ಮೊದಲನೆಯದು ಪ್ರತಿವರ್ಷ ಐಪಿಎಲ್ ಹರಾಜಿನ ದಿನ ಫ್ಯಾಮಿಲಿ ಗ್ರೂಪಿಗೆ ಬರತ್ತೆ. ಆಗಿನವರು ದೇಶಕ್ಕಾಗಿ ಆಡಿದರು, ಈಗಿನವರು ದುಡ್ಡಿಗಾಗಿ ಆಡ್ತಾರೆ. ಕೆಳಗೆ ಕಪ್ಪು ಬಿಳುಪು ಫೋಟೋ, ಕೈಮುಗಿದ ಎಮೋಜಿ. ನನಗೆ ಈ ಕಥೆ ಕಂಡರೆ ಆಗಲ್ಲ. ಅವರು ದುಡ್ಡು ಬೇಡ ಅಂದವರಲ್ಲ, ಅವರಿಗೆ ಯಾರೂ ಕೊಡಲಿಲ್ಲ. 1983ರಲ್ಲಿ ವಿಶ್ವಕಪ್ ಗೆದ್ದು ಬಂದ ತಂಡಕ್ಕೆ ಕೊಡೋಕೆ ಮಂಡಳಿ ಹತ್ತಿರ ಹಣ ಇರಲಿಲ್ಲ. ಲತಾ ಮಂಗೇಶ್ಕರ್ ದೆಹಲಿಯಲ್ಲಿ ಹಾಡಿ, ಆ ದುಡ್ಡಲ್ಲಿ ಒಬ್ಬೊಬ್ಬರಿಗೆ ಒಂದು ಲಕ್ಷ ಕೊಟ್ಟರು. ಅದನ್ನ ಯಾರಾದರೂ ಬೇಡ ಅಂದರಾ? ಸಂಬಳ ಕೊಡದೆ ದುಡಿಸಿಕೊಂಡವರನ್ನ ಸನ್ಯಾಸಿ ಅಂತ ಹೊಗಳೋದು ದುಡಿಸಿಕೊಂಡವರಿಗೆ ಅನುಕೂಲ.

ಎರಡನೆಯದು ‘ಪಾಪ’ದ ಕಥೆ. ಅಂಥಾ ಆಟಗಾರ, ಕೊನೆಗೆ ಪಾಪ, ಬ್ಯಾಂಕಿನಲ್ಲಿ ಕೂತು ಲೆಡ್ಜರ್ ಬರೆದ. ಟಿವಿಯವರಿಗೆ ಇದು ಬಹಳ ಇಷ್ಟ, ಹಿಂದೆ ಪಿಟೀಲು ಕುಯ್ಯಬಹುದು. ಮೊದಲನೆಯದಕ್ಕಿಂತ ಇದೇ ನನಗೆ ಹೆಚ್ಚು ಕಿರಿಕಿರಿ. ಯಾಕಂದ್ರೆ ಹಳ್ಳಿಯಿಂದ ಬಂದವನಿಗೆ ಬ್ಯಾಂಕ್ ಕೆಲಸ ಪಾಪ ಅಲ್ಲ. ನಮ್ಮೂರಲ್ಲಿ ಬ್ಯಾಂಕ್ ಕೆಲಸದ ಹುಡುಗನಿಗೆ ಹೆಣ್ಣು ಕೊಡೋಕೆ ಕ್ಯೂ ನಿಲ್ತಿದ್ದರು. ಎರಡೂ ಕಥೆಗಳು ಕೆಲಸವನ್ನ ಆಟದ ಹೊರಗಿಡ್ತವೆ. ಒಂದರಲ್ಲಿ ಅದರ ಮಾತೇ ಇಲ್ಲ, ಇನ್ನೊಂದರಲ್ಲಿ ಅದು ದುರಂತ. ನಿಜ ಏನಂದ್ರೆ ಆ ಕಾಲದಲ್ಲಿ ಕೆಲಸವೇ ಆಟವನ್ನ ಸಾಕಿತು. ಯಾವಾಗ ಆಡಬೇಕು, ಎಷ್ಟು ದಿನ ಆಡಬೇಕು, ಯಾವಾಗ ಬಿಡಬೇಕು ಅನ್ನೋದನ್ನ ಬಹಳಷ್ಟು ಸಲ ತೀರ್ಮಾನ ಮಾಡಿದ್ದೂ ಅದೇ.

ಪ್ರಸನ್ನ ಅವರನ್ನೇ ತಗೊಳ್ಳಿ. 1962ರ ಜನವರಿಯಲ್ಲಿ ಮದ್ರಾಸಿನಲ್ಲಿ ಮೊದಲ ಟೆಸ್ಟ್. ಅದೇ ವರ್ಷ ವೆಸ್ಟ್ ಇಂಡೀಸ್ ಪ್ರವಾಸ. ಮುಂದಿನ ಟೆಸ್ಟ್ 1967ರ ಜನವರಿ. ನಡುವಿನ ಐದು ವರ್ಷ? ಮೈಸೂರಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಜಿನಿಯರಿಂಗ್‌ನ ಡಿಗ್ರಿ ಮುಗಿಸೋದಿತ್ತು. ಟೆಸ್ಟ್ ಆಡಿದವನು, ವಯಸ್ಸು 22, ಆಫ್ ಸ್ಪಿನ್ನು ಕೈಗೆ ಹತ್ತುತ್ತಿರೋ ಹೊತ್ತು, ಆಟ ಬಿಟ್ಟು ಬಿಇ ಓದೋಕೆ ಹೋದ. ವಾಪಸ್ ಬಂದ ಮೇಲೆ ಎಷ್ಟು ಬೇಗ ಕಿತ್ತರು ಅಂದ್ರೆ, 20ನೇ ಟೆಸ್ಟಿಗೇ 100 ವಿಕೆಟ್. ಭಾರತದ ಆ ದಾಖಲೆ 2013ರಲ್ಲಿ ಇನ್ನೊಬ್ಬ ಇಂಜಿನಿಯರು, ಅಶ್ವಿನ್, ಮುರಿಯೋವರೆಗೂ ನಿಂತಿತ್ತು. ಒಟ್ಟು 49 ಟೆಸ್ಟ್, 189 ವಿಕೆಟ್. ಅಂಕಿಅಂಶದ ಹುಚ್ಚಿರೋ ನನ್ನಂಥವರು ಆ ಐದು ವರ್ಷ ಇದ್ದಿದ್ದರೆ ಎಷ್ಟಾಗ್ತಿತ್ತು ಅಂತ ಲೆಕ್ಕ ಹಾಕ್ತಾರೆ. ನಾನೂ ಎಕ್ಸೆಲ್‌ನಲ್ಲಿ ಹಾಕಿದ್ದೆ. ಅದು ದಡ್ಡತನ. ಯಾಕಂದ್ರೆ ಡಿಗ್ರಿ ಇಲ್ಲದೆ ವಾಪಸ್ ಬರೋ ಧೈರ್ಯ ಇರ್ತಿತ್ತಾ ಅನ್ನೋದು ಎಕ್ಸೆಲ್‌ಗೆ ಗೊತ್ತಿಲ್ಲ. ಪ್ರಸನ್ನರ ಬಗ್ಗೆ ಬರೆಯೋರು ಚೆಂಡಿನ ಫ್ಲೈಟ್ ಬಗ್ಗೆ ಪುಟಗಟ್ಟಲೆ ಬರೀತಾರೆ. ಈ ಐದು ವರ್ಷಕ್ಕೆ ಒಂದು ಸಾಲು. ನನ್ನ ದೃಷ್ಟಿಯಲ್ಲಿ ಅವರ ಮೊದಲನೇ ನಿವೃತ್ತಿ ಅದು. ಎರಡನೆಯದಕ್ಕಿಂತ ದೊಡ್ಡದು.

ಮೂಲ್ಕಿಯಲ್ಲಿ ಹುಟ್ಟಿದ ಬುಧಿ ಕುಂದರನ್ ಅವರದ್ದು ಇನ್ನೊಂದು ದಾರಿ. ರೈಲ್ವೆ ಪರವಾಗಿ, ಮೈಸೂರು ಪರವಾಗಿ ಆಡಿದವರು. 1964ರಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ಎದುರು 192. ವಿಕೆಟ್ ಕೀಪರ್ ಒಬ್ಬ ಹಾಗೆ ಹೊಡೆಯೋದು ಆ ಕಾಲಕ್ಕೆ ಊಹೆಗೂ ಮೀರಿದ್ದು. ಕೊನೆಯ ಟೆಸ್ಟ್ 1967, ಮತ್ತೆ ಅದೇ ಎಜ್‌ಬಾಸ್ಟನ್. ಬೇಡಿ, ಪ್ರಸನ್ನ, ಚಂದ್ರ, ವೆಂಕಟ್ ನಾಲ್ವರೂ ಒಟ್ಟಿಗೆ ಆಡಿದ ಒಂದೇ ಒಂದು ಟೆಸ್ಟ್ ಅದು. ಹೊಸ ಚೆಂಡು ಹಾಕೋಕೆ ಯಾರೂ ಇಲ್ಲದೆ, ಕೀಪರ್ ಕುಂದರನ್ ಮತ್ತು ಬೆಂಗಳೂರಿನ ವಿ. ಸುಬ್ರಹ್ಮಣ್ಯ ಬೌಲಿಂಗ್ ಶುರು ಮಾಡಿದರು! ಈ ತಮಾಷೆಯನ್ನ ಎಲ್ಲರೂ ಬರೀತಾರೆ. ಆಮೇಲೆ ಏನಾಯ್ತು ಅಂದ್ರೆ, ಕುಂದರನ್ ಸ್ಕಾಟ್ಲೆಂಡಿಗೆ ಹೋಗಿ ನೆಲೆಸಿದರು, ಅಲ್ಲಿಯ ಡ್ರಂಪೆಲಿಯರ್ ಕ್ಲಬ್ಬಿಗೆ ವರ್ಷಾನುಗಟ್ಟಲೆ ಆಡಿದರು, 2006ರಲ್ಲಿ ಗ್ಲಾಸ್ಗೋದಲ್ಲಿ ತೀರಿಕೊಂಡರು. ಸುಬ್ರಹ್ಮಣ್ಯ ಆಸ್ಟ್ರೇಲಿಯಾಕ್ಕೆ ಹೋದರು. ಆ ದಿನ ಹೊಸ ಚೆಂಡು ಹಂಚಿಕೊಂಡ ಇಬ್ಬರೂ ದೇಶ ಬಿಟ್ಟರು. ನಮ್ಮ ಬ್ಯಾಚಿನ ಅರ್ಧ ಜನ ಡಲ್ಲಾಸು, ಟೊರಾಂಟೋಗಳಲ್ಲಿರೋ ಹೊತ್ತಿನಲ್ಲಿ ನಮಗೆ ಈ ಕಥೆ ಅರ್ಥವಾಗಬೇಕು. ತಮಾಷೆ ಮುಗಿದ ಮೇಲಿನ ಭಾಗವನ್ನ ಬರೆದವರು ಕಡಿಮೆ.

ಇದು ನಮ್ಮೊಬ್ಬರ ಕಥೆಯೂ ಅಲ್ಲ. ಅಮೆರಿಕದ ಆರಂಭದ ವೃತ್ತಿಪರ ಬೇಸ್‌ಬಾಲ್ ಆಟಗಾರರನ್ನ ನೋಡಿ. ಅಲ್ಲಿ ಸಂಬಳ ಇತ್ತು, ಆದರೆ ‘ರಿಸರ್ವ್ ಕ್ಲಾಸ್’ ಅನ್ನೋ ಒಂದು ಷರತ್ತಿತ್ತು. ಕ್ಲಬ್ಬಿಗೆ ಬೇಕಾದಷ್ಟು ವರ್ಷ ಆಟಗಾರ ಅವರ ಹಿಡಿತದಲ್ಲಿ, ಬೇರೆ ಕ್ಲಬ್ಬಿಗೆ ತಾನಾಗಿ ಹೋಗೋ ಹಾಗಿಲ್ಲ. ನಮ್ಮ ಬಾಂಡು, ಮೂರು ತಿಂಗಳ ನೋಟಿಸ್ ಪೀರಿಯಡ್ಡು ಎಲ್ಲ ಅದರ ಮುಂದೆ ಮಕ್ಕಳಾಟ. 1975ರವರೆಗೂ ಅದು ನಡೀತು. ಹಾಗಿದ್ದಾಗ ಆಟಗಾರನ ಕೈಯಲ್ಲಿದ್ದ ಒಂದೇ ಸ್ವಾತಂತ್ರ್ಯ ಅಂದ್ರೆ ಆಟವನ್ನೇ ಬಿಡೋದು. ಬಿಲ್ಲಿ ಸಂಡೇ 1891ರಲ್ಲಿ ಬಿಟ್ಟು ಧರ್ಮಪ್ರಚಾರಕ್ಕೆ ಹೋದರು, ಜಾನ್ ಮಾಂಟ್ಗೊಮರಿ ವಾರ್ಡ್ ವಕೀಲರಾದರು. 511 ಪಂದ್ಯ ಗೆದ್ದುಕೊಟ್ಟ ಸೈ ಯಂಗ್ ಓಹಾಯೋದ ಜಮೀನಿಗೆ ವಾಪಸ್ಸು ಹೋದರು. ಪಿಂಚಣಿ ಯೋಜನೆ ಶುರುವಾಗಿದ್ದು 1947ರಲ್ಲಿ. ಮೊದಲ ಸಾಲಿನವರಿಗೆ ಎಲ್ಲೆಡೆ ಇದೇ ಪಾಡು: ಅವರು ಕಟ್ಟಿದ ಮನೆಯಲ್ಲಿ ಆಮೇಲಿನವರು ಕೂತರು.

ನಮ್ಮಲ್ಲೂ ಪಿಂಚಣಿ ಬಂತು, ತಡವಾಗಿ. 2012ರಲ್ಲಿ ಐಪಿಎಲ್ ದುಡ್ಡಿನಿಂದ ಹಳೆಯ ಆಟಗಾರರಿಗೆ ಒಂದು ಸಲದ ಮೊತ್ತ ಕೊಟ್ಟರು. 2022ರಲ್ಲಿ ತಿಂಗಳ ಪಿಂಚಣಿ ಏರಿತು. 37,500 ಪಡೀತಿದ್ದ ಹಳೆಯ ಟೆಸ್ಟ್ ಆಟಗಾರರಿಗೆ 60,000, 15,000 ಪಡೀತಿದ್ದ ಪ್ರಥಮ ದರ್ಜೆ ಆಟಗಾರರಿಗೆ 30,000. ಒಳ್ಳೆಯದು. ಆದರೆ ಲೀಗ್ ಆಡಿದವರಿಗೆ ಇದ್ಯಾವುದೂ ಇಲ್ಲ. ಅವರಿಗೆ ಇದ್ದದ್ದು ಬ್ಯಾಂಕಿನ ಪಿಂಚಣಿ ಮಾತ್ರ.

ಶಾಂತಾ ರಂಗಸ್ವಾಮಿ ಅವರನ್ನ ಇಲ್ಲಿ ತರಬೇಕು. ಭಾರತದ ಮಹಿಳಾ ಟೆಸ್ಟ್ ತಂಡದ ಮೊದಲ ನಾಯಕಿ, ಬೆಂಗಳೂರಿನವರು. 1976ರಲ್ಲಿ ಪಟ್ನಾದಲ್ಲಿ ವೆಸ್ಟ್ ಇಂಡೀಸ್ ಎದುರು ಮೊದಲ ಟೆಸ್ಟ್ ಗೆಲುವು ಅವರ ನಾಯಕತ್ವದಲ್ಲಿ. ರಿಸರ್ವೇಶನ್ ಇಲ್ಲದ ರೈಲು ಡಬ್ಬಿ, ಹಾಸ್ಟೆಲಿನ ನೆಲದ ಮೇಲೆ ನಿದ್ದೆ. ಇವೆಲ್ಲ ಅವರೇ ಹೇಳಿಕೊಂಡಿರೋದು. ಅವರ ಬಗ್ಗೆ ಬರೋ ಲೇಖನಗಳೆಲ್ಲ ಈ ರೈಲಿನಲ್ಲೇ ನಿಂತುಬಿಡ್ತವೆ. ಅವರು ಕೆನರಾ ಬ್ಯಾಂಕಿನಲ್ಲಿ ಜನರಲ್ ಮ್ಯಾನೇಜರ್ ಹುದ್ದೆವರೆಗೂ ಏರಿದರು ಅನ್ನೋದು ಕೊನೆಗೆ ಅರ್ಧ ವಾಕ್ಯ. ಟೆಸ್ಟ್ ತಂಡದ ನಾಯಕಿ, ರಾಷ್ಟ್ರೀಕೃತ ಬ್ಯಾಂಕಿನ ಜನರಲ್ ಮ್ಯಾನೇಜರ್, ಇಬ್ಬರೂ ಒಬ್ಬರೇ. ಬೆಳಿಗ್ಗೆ ಪ್ರಾಕ್ಟೀಸು, ಹತ್ತಕ್ಕೆ ಬ್ರಾಂಚು, ಪ್ರಮೋಶನ್ನು, ಟ್ರಾನ್ಸ್‌ಫರ್ರು. ಇದು ಹೇಗೆ ಸಾಧ್ಯವಾಯ್ತು ಅಂತ ಕೇಳೋ ಒಂದು ಪುಸ್ತಕ ಯಾಕಿಲ್ಲ? ಬೆಳ್ಳಂದೂರಿನಿಂದ ಬನಶಂಕರಿಗೆ ಎರಡು ಗಂಟೆ ಟ್ರಾಫಿಕ್ಕಿನಲ್ಲಿ ಬಂದು, ಜಿಮ್ಮಿಗೆ ಹೋಗೋಕೆ ಟೈಮಿಲ್ಲ ಅನ್ನೋ ನಮಗೆ ಅದಕ್ಕಿಂತ ಬೇಕಾದ ಪುಸ್ತಕ ಇನ್ನೊಂದಿಲ್ಲ.

ಪೂರ್ತಿ ಬೈಗುಳವೇ ಆಗೋದು ಬೇಡ. ಒಳ್ಳೆಯದೂ ಇದೆ. ರಾಮಚಂದ್ರ ಗುಹಾ ಅವರ ‘ದಿ ಕಾಮನ್‌ವೆಲ್ತ್ ಆಫ್ ಕ್ರಿಕೆಟ್’ (2020) ನನಗೆ ಇಷ್ಟವಾದದ್ದು ವಿಶ್ವನಾಥ್ ಅವರನ್ನ ಹೊಗಳಿದ್ದಕ್ಕಲ್ಲ, ಅದನ್ನ ಅವರು ಎಲ್ಲ ಪುಸ್ತಕದಲ್ಲೂ ಮಾಡ್ತಾರೆ. ಫ್ರೆಂಡ್ಸ್ ಯೂನಿಯನ್ ಕ್ರಿಕೆಟ್ ಕ್ಲಬ್ ಬಗ್ಗೆ, ಅದಕ್ಕೆ ಬದುಕನ್ನೇ ಕೊಟ್ಟ ತಮ್ಮ ಸೋದರಮಾವನ ಬಗ್ಗೆ ಬರೆದದ್ದಕ್ಕೆ. ಕ್ಲಬ್ಬಿನವರಿಗೆ ನಿವೃತ್ತಿ ಇಲ್ಲ. ಆಡೋದು ಬಿಟ್ಟ ಮೇಲೆ ಹುಡುಗರಿಗೆ ಹೇಳಿಕೊಡ್ತಾರೆ, ಕಿಟ್ ಹೊರ್ತಾರೆ, ಟೀಮ್ ಲಿಸ್ಟ್ ಬರೀತಾರೆ. ಇದನ್ನ ಪ್ರೀತಿಯಿಂದ ಬರೆದ ಪುಸ್ತಕ ಅದು. ನನ್ನ ಒಂದೇ ತಕರಾರು, ಅಲ್ಲೂ ಆಫೀಸು ಹೊರಗೇ ಉಳೀತು. ಪ್ರೊಫೆಸರುಗಳು ಬರೆದಾಗ ಹಾಗಾಗತ್ತೇನೋ. ಸಂಬಳದ ಚೀಟಿಯ ಕಥೆಯನ್ನ ಸಂಬಳದವರೇ ಬರೀಬೇಕು.

ಪ್ರಸನ್ನ, ಚಂದ್ರ ಜೊತೆಗೆ ಮೂರನೇ ಸ್ಪಿನ್ನರ್ ಆಗಿದ್ದವರು ಬಿ. ವಿಜಯಕೃಷ್ಣ. ಎಡಗೈ ಸ್ಪಿನ್, ಜೊತೆಗೆ ಬ್ಯಾಟಿಂಗ್. 1974ರಲ್ಲಿ ಕರ್ನಾಟಕ ಸೆಮಿಫೈನಲ್‌ನಲ್ಲಿ ಬಾಂಬೆಯನ್ನ ಹೊರಗೆ ಕಳಿಸಿ ಅವರ 15 ವರ್ಷದ ಸಾಲು ಗೆಲುವು ಮುರಿದ ಕಾಲದ ತಂಡದವರು. ಒಂದೂ ಟೆಸ್ಟ್ ಆಡಲಿಲ್ಲ, ಯಾಕಂದ್ರೆ ಬೇಡಿ ಇದ್ದರು. 2021ರ ಜೂನ್‌ನಲ್ಲಿ ತೀರಿಕೊಂಡರು. ವಿನಯ್ ಕುಮಾರ್ ತಮ್ಮ ಕೊನೆಯ ಪತ್ರ ಬರೆದದ್ದೂ ಅದೇ ವರ್ಷ. ಇಬ್ಬರೂ ಕರ್ನಾಟಕಕ್ಕೆ ರಣಜಿ ಗೆದ್ದುಕೊಟ್ಟವರೇ. ವಿಜಯಕೃಷ್ಣ ಆಟ ಬಿಟ್ಟ ದಿನ ಹೇಗಿತ್ತು ಅಂತ ಓದಬೇಕು ಅಂದ್ರೆ ಎಲ್ಲಿಗೆ ಹೋಗೋದು?

ಹೋಗೋ ಜಾಗಗಳೂ ಮುಚ್ಚಿಕೊಳ್ತಿವೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐ ಆಯ್ತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ. ಸಿಂಡಿಕೇಟ್, ಕಾರ್ಪೊರೇಶನ್ 2020ರಲ್ಲಿ ಹೋದವು. ಎಚ್‌ಎಂಟಿ ಗಡಿಯಾರ ಈಗ ನಿಮ್ಮಪ್ಪನ ಬೀರುವಿನಲ್ಲಿರಬಹುದು. ಬೆಂಗಳೂರಿನ ಹಳೆಯ ಲೀಗ್ ಆಡಿದವರಿಗೆ ಅನ್ನ ಹಾಕಿದ್ದು ಇಂಥ ಬ್ಯಾಂಕು, ಇಂಥ ಕಾರ್ಖಾನೆಗಳು. ಬೋರ್ಡ್ ಬದಲಾದಾಗ ಹಳೇ ಫೈಲುಗಳನ್ನ ಯಾರು ಇಟ್ಕೋತಾರೆ?

ನನಗೇಕೆ ಇಷ್ಟು ಉರಿ ಅಂತ ನೀವು ಕೇಳಬಹುದು. ನಾನು ಚನ್ನರಾಯಪಟ್ಟಣದ ಕಡೆಯವನು. ನಮ್ಮ ಜಿಲ್ಲೆಯ ಜಾವಗಲ್‌ನ ಶ್ರೀನಾಥ್ ನೋಡಿಕೊಂಡು ಫಾಸ್ಟ್ ಬೌಲಿಂಗ್ ಶುರು ಮಾಡಿದವನು. 2003ರ ಫೈನಲ್‌ನಲ್ಲಿ ಅವರು ಹತ್ತು ಓವರಿಗೆ 87 ಕೊಟ್ಟಾಗ ನಾನು ಹೈಸ್ಕೂಲು. ಡೇರಿ ಸೆಕ್ರೆಟರಿ ಮನೆಯ ಟಿವಿ ಮುಂದೆ ನಲವತ್ತು ಜನ. ನಡುವೆ ಕರೆಂಟ್ ಹೋದಾಗ ಯಾರೋ “ಒಳ್ಳೇದಾಯ್ತು” ಅಂದರು. ಅದೇ ಶ್ರೀನಾಥ್ ಅವರ ಕೊನೆಯ ಮ್ಯಾಚು ಅಂತ ನಮಗೆ ಆಗ ಗೊತ್ತಿಲ್ಲ. ನಾನು ಹೋಬಳಿ ಟೂರ್ನಮೆಂಟುಗಳಲ್ಲಿ ಆಡ್ತಿದ್ದೆ, ಮೊದಲ ಬಹುಮಾನ 5,001 ಮತ್ತು ಟ್ರೋಫಿ. ಬಿಇ ಆರನೇ ಸೆಮಿಸ್ಟರ್‌ನ ರಜೆಯಲ್ಲಿ ಒಂದು ಫೈನಲ್ ಆಡಿ, ಮೂರು ವಿಕೆಟ್ ತೆಗೆದು, ಸೋತು, ಟೆಂಪೋ ಹತ್ತಿ ವಾಪಸ್ ಬಂದೆ. ಆಮೇಲೆ ಕ್ಯಾಂಪಸ್ ಇಂಟರ್‌ವ್ಯೂ, ಆಮೇಲೆ ಬೆಂಗಳೂರು. ಲೆದರ್ ಬಾಲ್ ಮತ್ತೆ ಕೈಗೆ ಹತ್ತಲಿಲ್ಲ. ಟೆಂಪೋದಲ್ಲಿ ಕೂತಿದ್ದಾಗ, ಮುಗೀತು ಅಂತ ನನಗೆ ಯಾರೂ ಹೇಳಲಿಲ್ಲ.

ಹೋದ ವರ್ಷ ನಾನಿದ್ದ ಕಂಪನಿಯಲ್ಲಿ ಜನ ತೆಗೆದರು. ನನ್ನ ಟೀಮಿನ ಮೂರು ಜನಕ್ಕೆ ಮಂಗಳವಾರ ಹನ್ನೊಂದು ಗಂಟೆಗೆ ಹದಿನೈದು ನಿಮಿಷದ ಒಂದು ಕಾಲ್. ಮಧ್ಯಾಹ್ನಕ್ಕೆ ಲಾಗಿನ್ ಹೋಗಿತ್ತು. ಅವರಿಗೆ ‘ಲಾಸ್ಟ್ ವರ್ಕಿಂಗ್ ಡೇ’ ಅಂತ ಸಬ್ಜೆಕ್ಟ್ ಹಾಕಿ ಮೇಲ್ ಬರೆಯೋಕೂ ಆಗಲಿಲ್ಲ. ಒಬ್ಬನಿಗೆ 38, ಹದಿನೈದು ವರ್ಷದ ಅನುಭವ. ಅವನು ಹಿಂದಿನ ರಾತ್ರಿ ಒಂದೂವರೆವರೆಗೆ ಪ್ರೊಡಕ್ಷನ್ ಬಗ್ ಸರಿಮಾಡಿದ್ದ. ಲಿಂಕ್ಡ್‌ಇನ್‌ನಲ್ಲಿ ಅವನ ಬಗ್ಗೆ ಬಂದದ್ದೂ ಅದೇ ಎರಡು ಕಥೆ: ಕೆಲವರು ಅವನನ್ನ ತ್ಯಾಗಿ ಮಾಡಿದರು, ಕೆಲವರು ಪಾಪ ಅಂದರು. ಆ ಬಗ್ ಏನು, ಹೇಗೆ ಹಿಡಿದ ಅಂತ ಯಾರೂ ಕೇಳಲಿಲ್ಲ.

ಮುಂದಿನ ಭಾನುವಾರ ಅಂಪೈರ್ ಸಾರ್ ಹತ್ತಿರ ಹೋಗಿ ಸರಿಯಾಗಿ ಕೇಳಿದೆ. ಸಂಬಳ ಎಷ್ಟಿತ್ತು, ಮ್ಯಾಚಿಗೆ ರಜೆ ಯಾರು ಕೊಡ್ತಿದ್ದರು, ಪ್ರಮೋಶನ್ ತಪ್ಪಿತಾ, ಮನೆಯವರು ಬೈತಿದ್ದರಾ. ಅವರು ನಕ್ಕರು. “ಇದನ್ನೆಲ್ಲ ಯಾಕಪ್ಪ, ಚಂದ್ರ ಬಾಲಿಂಗ್ ಹೇಗಿತ್ತು ಕೇಳು, ಹೇಳ್ತೀನಿ” ಅಂದರು. ಅದನ್ನೂ ಕೇಳಿದೆ. ಆದರೆ ಅದರ ಮುಂದಿನ ವಾರ ಬರುವಾಗ ಒಂದು ಪ್ಲಾಸ್ಟಿಕ್ ಕವರ್ ಹಿಡ್ಕೊಂಡು ಬಂದರು. ಒಳಗೆ ಅವರ ಸ್ಪೆಷಲ್ ಲೀವ್ ಅರ್ಜಿಗಳ ಕಾರ್ಬನ್ ಕಾಪಿಗಳು, ಮಡಿಕೆ ಬಿದ್ದ ಜಾಗದಲ್ಲೆಲ್ಲ ಸವೆದಿದ್ದವು. ಪ್ರತಿಯೊಂದರಲ್ಲೂ ಮ್ಯಾಚಿನ ಹೆಸರು, ತಾರೀಖು, ಬ್ರಾಂಚ್ ಮ್ಯಾನೇಜರ್ ಸಹಿ. ಕೊನೆಯದು 1986ರ ಅಕ್ಟೋಬರ್‌ನದ್ದು.

“ಈ ಮ್ಯಾಚಲ್ಲಿ ಎಷ್ಟು ಹೊಡೆದ್ರಿ ಸಾರ್?”

“ಎಲ್ಲಿ ಹೊಡೆಯೋದು. ಎರಡು ದಿನಾನೂ ಮಳೆ. ಟಾಸೇ ಆಗಲಿಲ್ಲ.” ಕವರಿನೊಳಗೆ ಹಾಳೆಗಳನ್ನ ಜೋಪಾನವಾಗಿ ವಾಪಸ್ ಇಟ್ಟರು. “ರಜೆ ಮಾತ್ರ ಕಟ್ ಆಯ್ತು.”